ಗಾಜಿನ ಬಾಗಿಲಿನ ಪುಸ್ತಕದ ಕಪಾಟಿಗೆ ಹಿಂಜು, ಚಿಲಕ, ಬೀಗ: ಸಂತೆಪೇಟೆಯ ಒಂದು ಹಳೆಯ ಅಂಗಡಿ

ಮೈಸೂರಿನ ಸಂತೆಪೇಟೆಯ ಒಳಬೀದಿಯಲ್ಲಿರುವ ಈ ಹಾರ್ಡ್‌ವೇರ್ ಅಂಗಡಿಯಲ್ಲಿ ಗಾಜಿನ ಬಾಗಿಲಿಗೆ ಹಿಂಜು ಕೇಳಿದರೆ, ಅಟ್ಟದಿಂದ ಡಬ್ಬಿ ಇಳಿಯುವ ಮೊದಲೇ ಯಜಮಾನರಿಂದ ಪ್ರಶ್ನೆ ಬರುತ್ತದೆ: "ಕಪಾಟು ಪುಸ್ತಕಕ್ಕೋ, ಗೊಂಬೆಗೋ ಸಾರ್?" ಕೇಳಲು ವಿನೋದವೆನಿಸಿದರೂ ಪ್ರಶ್ನೆ ಸರಿಯಾದದ್ದೇ. ದಸರಾ ಗೊಂಬೆಗಳ ಕಪಾಟು ವರ್ಷದಲ್ಲಿ ಕೆಲವೇ ಬಾರಿ ತೆರೆಯುತ್ತದೆ; ಪುಸ್ತಕದ ಕಪಾಟಿನ ಬಾಗಿಲು ಪ್ರತಿದಿನವೂ ಗಾಜಿನ ಭಾರವನ್ನು ಹೊತ್ತು ತಿರುಗಬೇಕು. ಎರಡನೆಯ ಪ್ರಶ್ನೆ ಚೌಕಟ್ಟಿನ ಪಟ್ಟಿಯ ಅಗಲವನ್ನು ಕುರಿತದ್ದು. ಅದಕ್ಕೆ ಉತ್ತರ ಗೊತ್ತಿಲ್ಲದ ಗಿರಾಕಿಗೆ ಇಲ್ಲಿ ಮಾಲು ತೋರಿಸುವುದಿಲ್ಲ, ಅಳೆದುಕೊಂಡು ಬರಲು ಹೇಳಿ ಕಳುಹಿಸುತ್ತಾರೆ. ವ್ಯಾಪಾರಕ್ಕೆ ಇದು ಒಳ್ಳೆಯದೋ ಅಲ್ಲವೋ, ಗಿರಾಕಿಗಂತೂ ಒಳ್ಳೆಯದು.

ನಮ್ಮ ಕಪಾಟನ್ನು ಹಳೆಯ ಕಿಟಕಿಗಳಿಂದ ಬಿಚ್ಚಿದ ತೇಗದಲ್ಲಿ ಮನೆಯಲ್ಲೇ ಮಾಡಿದ್ದು. ಎರಡು ಬಾಗಿಲುಗಳಿದ್ದು, ಒಂದೊಂದರ ಗಾಜು 18 ಅಂಗುಲ ಅಗಲ, 42 ಅಂಗುಲ ಎತ್ತರ. ಗಾಜಿನ ತೂಕದ ಲೆಕ್ಕ ಸುಲಭವಾದದ್ದು: ಒಂದು ಚದರ ಮೀಟರಿಗೆ, ದಪ್ಪದ ಪ್ರತಿ ಮಿಲಿಮೀಟರಿಗೂ ಎರಡೂವರೆ ಕಿಲೋ. ಹೀಗಾಗಿ 4 ಮಿ.ಮೀ. ಗಾಜು ಹಾಕಿದರೆ ಗಾಜೊಂದೇ ಸುಮಾರು 5 ಕಿಲೋ, ಮರ ಸೇರಿದರೆ ಹತ್ತಿರ ಹತ್ತಿರ 7 ಕಿಲೋ ಆಗುತ್ತದೆ. ಇಷ್ಟು ಭಾರವನ್ನು ಎರಡು ಹಿಂಜುಗಳೂ ತಾಳಿಕೊಳ್ಳಬಹುದು, ಆದರೆ ಎತ್ತರದ ಬಾಗಿಲು ವರ್ಷಗಳ ಮೇಲೆ ಬಳುಕದಿರಲು ಮೂರು ಹಾಕಿ ಎಂಬುದು ಅಂಗಡಿಯವರ ಸಲಹೆ. ನನಗೂ ಅದು ಸರಿಯೆನಿಸಿತು.

ಹೊಸ ಬಡಾವಣೆಯ ಷೋರೂಮೊಂದರಲ್ಲಿ ಇದೇ ಕೆಲಸಕ್ಕೆ, ಏನನ್ನೂ ಕೇಳದೆ, ಬಡಗಿಗಳು ಆಟೋ ಹಿಂಜು ಎನ್ನುವ, ಬಾಗಿಲು ಮುಚ್ಚಿದಾಗ ಹೊರಗೆ ಕಾಣಿಸದ ಕಪ್ ಹಿಂಜನ್ನು ಮುಂದಿಟ್ಟಿದ್ದರು. ಹಿಂಜು ಕೆಟ್ಟದ್ದಲ್ಲ. ಹೆಟ್ಟಿಕ್, ಎಬ್ಕೊ ಮೊದಲಾದ ಕಂಪನಿಗಳ ಕಪ್ ಹಿಂಜುಗಳು ಪ್ಲೈವುಡ್ ಬಾಗಿಲಿಗೆ ಅತ್ಯುತ್ತಮ. ಬಾಗಿಲು ಕಪಾಟಿನ ಪಕ್ಕದ ಹಲಗೆಗಳ ಒಳಗೆ ಕೂರುವುದಾದರೆ 16 ಕ್ರ್ಯಾಂಕಿನದು (ಕ್ರ್ಯಾಂಕ್ ಎಂದರೆ ಹಿಂಜಿನ ತೋಳಿನ ಬಾಗು), ಆ ಹಲಗೆಗಳನ್ನು ಹೊರಗಿನಿಂದ ಪೂರ್ತಿ ಮುಚ್ಚುವುದಾದರೆ ಸೊನ್ನೆ ಕ್ರ್ಯಾಂಕಿನದು ಎಂದು ಆರಿಸಿಕೊಳ್ಳಬೇಕು. ತೊಡಕಿರುವುದು ಅಳತೆಯಲ್ಲಿ. ಅದರ ಬಟ್ಟಲಿಗೆ 35 ಮಿ.ಮೀ. ವ್ಯಾಸದ ಗುಳಿ ಬೇಕು, ಗುಳಿಗೂ ಮರದ ಅಂಚಿಗೂ ನಡುವೆ ನಾಲ್ಕೈದು ಮಿ.ಮೀ. ಉಳಿಯಬೇಕು, ಅಂದರೆ ಇಡಿಯಾದ ಮರದ ಅಗಲ ಕಡಿಮೆಯೆಂದರೂ 40 ಮಿ.ಮೀ. ಇರಬೇಕು. ನಮ್ಮ ಚೌಕಟ್ಟಿನ ಪಟ್ಟಿಯ ಅಗಲ 45 ಮಿ.ಮೀ.; ಅದರಲ್ಲಿ ಗಾಜು ಕೂರಲು ಹಿಂಬದಿಯಲ್ಲಿ ತೆಗೆದ ಕಚ್ಚೇ 10 ಮಿ.ಮೀ. ನುಂಗಿದೆ. ಉಳಿದ 35ರಲ್ಲಿ ಗುಳಿ ಕೊರೆದರೆ ಅದು ನೇರವಾಗಿ ಗಾಜಿನ ಜಾಗಕ್ಕೇ ಹೋಗುತ್ತದೆ. ಗಾಜಿನ ಬಾಗಿಲಿನ ಕಪಾಟು ಮಾಡುವವರು ಹಿಂಜನ್ನು ಮೊದಲು ಆರಿಸಿ, ಮರವನ್ನು ಆಮೇಲೆ ಸೀಳಿಸುವುದು ಈ ಕಾರಣಕ್ಕಾಗಿ ಕ್ಷೇಮ. ಚೌಕಟ್ಟೇ ಇಲ್ಲದ, ಬರಿಯ ಗಾಜಿಗೆ ಹಾಕುವ ಹಿಂಜುಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಗಾಜಿನಲ್ಲೇ ತೂತು ಬೇಕಾಗುತ್ತದೆ, ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜಾದರೆ ಆ ತೂತನ್ನು ಟಫನ್ ಮಾಡುವ ಮುನ್ನವೇ ಕೊರೆಸಿರಬೇಕು. ಆಮೇಲೆ ಕೊರೆಯಹೋದರೆ ಇಡೀ ಹಾಳೆ ಪುಡಿಯಾಗುತ್ತದೆ.

ಸಂತೆಪೇಟೆಯಲ್ಲಿ ಸಿಕ್ಕಿದ್ದು ಎರಡೂವರೆ ಅಂಗುಲದ ಹಿತ್ತಾಳೆಯ ಸಾದಾ ಹಿಂಜು, ಮತ್ತು ಅದರ ಬಗ್ಗೆ ದೂರು ಏನೂ ಇಲ್ಲ. ಎರಕದ ಮಾಲು, ರೆಕ್ಕೆಗಳು ದಪ್ಪವಾಗಿವೆ, ಅರ್ಧ ತೆರೆದು ಅಲುಗಾಡಿಸಿದರೆ ಕಡ್ಡಿಯಲ್ಲಿ ಸಡಿಲವಿಲ್ಲ. ಪಕ್ಕದ ಡಬ್ಬಿಯಲ್ಲಿ ನೋಡಲು ಇಷ್ಟೇ ಹೊಳೆಯುವ, ಬೆಲೆಯಲ್ಲಿ ಅರ್ಧಕ್ಕೂ ಕಡಿಮೆಯ ಇನ್ನೊಂದು ಮಾಲಿತ್ತು. ಯಜಮಾನರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ದಾರ ಕಟ್ಟಿ ಇಟ್ಟುಕೊಂಡಿರುವ ಅಯಸ್ಕಾಂತವನ್ನು ಎರಡಕ್ಕೂ ಮುಟ್ಟಿಸಿದರು. ಅಗ್ಗದ್ದು ಅಂಟಿಕೊಂಡಿತು, ಅಂದರೆ ಅದು ಕಬ್ಬಿಣದ ಮೇಲೆ ಹಿತ್ತಾಳೆಯ ಲೇಪ. ಅದನ್ನೂ ಅವರು ಮಾರುತ್ತಾರೆ, ಆದರೆ ಹಿತ್ತಾಳೆಯೆಂದು ಹೇಳಿ ಮಾರುವುದಿಲ್ಲ.

ತಿರುಪಿನ ವಿಷಯದಲ್ಲಿ ಈ ಅಂಗಡಿಯಿಂದ ಆದ ಉಪಕಾರ ಹಿಂಜಿನದಕ್ಕಿಂತಲೂ ದೊಡ್ಡದು. ಹಿತ್ತಾಳೆಯ ತಿರುಪು ಮೆದು. ಹಳೆಯ ತೇಗಕ್ಕೆ ನೇರವಾಗಿ ತಿರುವಿದರೆ ತಲೆಯ ಗೀರು ಸವೆದುಹೋಗುತ್ತದೆ, ಇಲ್ಲವೇ ಕತ್ತು ಮುರಿದು ಅರ್ಧ ತಿರುಪು ಮರದೊಳಗೇ ಉಳಿಯುತ್ತದೆ. ಆದ್ದರಿಂದ ಅದೇ ಅಳತೆಯ ಉಕ್ಕಿನ ತಿರುಪುಗಳನ್ನು ಹಿತ್ತಾಳೆಯವುಗಳ ಜೊತೆಗೇ ಪೊಟ್ಟಣ ಕಟ್ಟಿ ಕೊಟ್ಟರು. ಮೊದಲು ಸಣ್ಣ ತೂತು ಕೊರೆದು, ಉಕ್ಕಿನದನ್ನು ತಿರುವಿ ಮರದಲ್ಲಿ ದಾರಿ ಮಾಡಿ, ಅದನ್ನು ಬಿಚ್ಚಿ, ಹಿತ್ತಾಳೆಯದಕ್ಕೆ ಒಂದಿಷ್ಟು ಸೋಪು ಸವರಿ ಕೂರಿಸಬೇಕು. ಹೀಗೆ ಮಾಡಿದ್ದರಿಂದ ಒಂದೂ ಮುರಿಯಲಿಲ್ಲ.

ಬಾಗಿಲು ಮುಚ್ಚಿ ನಿಲ್ಲಲು ಕೊಂಡ ಹಿತ್ತಾಳೆಯ ಬಾಲ್ ಕ್ಯಾಚರ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಇದರ ಎರಡು ಗುಂಡುಗಳ ಬಿಗುವನ್ನು ತಿರುಪಿನಿಂದ ಹೊಂದಿಸಬಹುದೇನೋ ನಿಜ. ಆದರೆ ಬಿಗಿ ಮಾಡಿದರೆ ಬಾಗಿಲು ಎಳೆದಾಗ ಗಾಜು ಅದುರುತ್ತದೆ, ಸಡಿಲಿಸಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಗಾಜಿನ ಬಾಗಿಲಿಗೆ ಸಾಧಾರಣ ಮ್ಯಾಗ್ನೆಟ್ ಕ್ಯಾಚರೇ ಮೇಲು. ಎಡಗಡೆಯ ಬಾಗಿಲಿಗೆ ಒಳಗಿನಿಂದ ಮೇಲೊಂದು ಕೆಳಗೊಂದು ಸಣ್ಣ ಚಿಲಕ ಹಾಕಿದ್ದೇವೆ, ಅವು ಚೆನ್ನಾಗಿವೆ.

ಬೀಗಗಳ ಆಯ್ಕೆ ಇಲ್ಲಿ ತೀರ ಕಡಿಮೆ. ಕಪಾಟಿಗೆಂದು ತೋರಿಸಿದ ಚೌಕನೆಯ ಬೀಗದ ಒಡಲು ನಮ್ಮ ಕಿರಿದಾದ ಪಟ್ಟಿಯಲ್ಲಿ ಗಾಜಿನ ಮೇಲೆ ಬಂದು ಕೂರುವಂತಿತ್ತು. ಸುಮಾರು 19 ಮಿ.ಮೀ. ತೂತು ಸಾಕೆನ್ನುವ ದುಂಡನೆಯ ಕ್ಯಾಮ್ ಲಾಕನ್ನು (ಕೀಲಿಯೊಂದಿಗೆ ಹಿಂದಿನ ನಾಲಿಗೆ ತಿರುಗುವ ಬೀಗ) ಕೊನೆಗೆ ಬೇರೆ ಕಡೆ ಕೊಳ್ಳಬೇಕಾಯಿತು. ಹಿಡಿಗಳಂತೂ ಹಳೆಯ ಮೂರು ನಾಲ್ಕು ಮಾದರಿಗಳಷ್ಟೇ ಇವೆ.

ಅಂಗಡಿಯ ಫಲಕದ ಅಕ್ಷರಗಳು ಮಾಸಿಹೋಗಿರುವುದರಿಂದ ಹಿತ್ತಾಳೆ ಸಾಮಾನಿನ ಅಂಗಡಿ ಎಂದೇ ಬೀದಿಯಲ್ಲಿ ವಿಚಾರಿಸಬೇಕು. ಕಾರು ಒಳಗೆ ಹೋಗುವುದಿಲ್ಲ. ಬಿಡಿಯಾಗಿ ಕೊಂಡ ತಿರುಪು, ಹಿಂಜುಗಳನ್ನು ಒಮ್ಮೆ ಮರಕ್ಕೆ ಹಾಕಿದ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲ. ಹಾಕದೆ ತಂದರೆ ಮಾತಿಲ್ಲದೆ ಬದಲಿಸಿ ಕೊಡುತ್ತಾರೆ, ಹಣ ಮಾತ್ರ ಹಿಂದಿರುಗಿಸುವುದಿಲ್ಲ. ಹೋಗುವವರು ಬಾಗಿಲಿನ ಪಟ್ಟಿಯ ಒಂದು ತುಂಡನ್ನು, ಕಚ್ಚು ತೆಗೆದದ್ದನ್ನೇ, ಕೈಯಲ್ಲಿ ಹಿಡಿದುಕೊಂಡು ಹೋದರೆ ಅರ್ಧ ಗಂಟೆಯ ಮಾತು ಉಳಿಯುತ್ತದೆ.