ಮೂತ್ರಪಿಂಡ ಉಳಿಸಿದ ರೋಬೋಟಿಕ್ ಶಸ್ತ್ರಚಿಕಿತ್ಸೆ: ರೋಗಿಯೊಬ್ಬರ ವಿಮರ್ಶೆ

ಬೇರಾವುದೋ ಕಾರಣಕ್ಕೆ ಮಾಡಿಸಿದ ಹೊಟ್ಟೆಯ ಸ್ಕ್ಯಾನ್‌ನಲ್ಲಿ ನನ್ನ ಎಡ ಮೂತ್ರಪಿಂಡದಲ್ಲಿ 3.4 ಸೆಂಟಿಮೀಟರ್ ಗಡ್ಡೆ ಕಾಣಿಸಿತು. ಆಸ್ಪತ್ರೆಯೊಂದರಲ್ಲಿ ರೋಬೋಟ್ ನೆರವಿನಿಂದ ಗಡ್ಡೆಯನ್ನಷ್ಟೇ ತೆಗೆಸಿಕೊಂಡು ಈಗ ಒಂದು ವರ್ಷವಾಗಿದೆ. ಶಸ್ತ್ರವೈದ್ಯರ ಕೈಚಳಕಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಆ ವಿಭಾಗವು ರೋಗಿಗೆ ವಿಷಯ ತಿಳಿಸುವ ರೀತಿಗೆ ಅರ್ಧ ಅಂಕಕ್ಕಿಂತ ಹೆಚ್ಚು ಕೊಡಲಾರೆ.

ಇದೇ ಗಡ್ಡೆ ನನ್ನ ತಂದೆಯ ಕಾಲದಲ್ಲಿ ಪತ್ತೆಯಾಗಿದ್ದರೆ ಬಹುಶಃ ಇಡೀ ಮೂತ್ರಪಿಂಡವೇ ಹೋಗುತ್ತಿತ್ತು. 1960ರ ದಶಕದಲ್ಲಿ ಶಸ್ತ್ರವೈದ್ಯ ರಾಬ್ಸನ್ ವಿವರಿಸಿದ ಕ್ರಮದಂತೆ ಮೂತ್ರಪಿಂಡ, ಸುತ್ತಲಿನ ಕೊಬ್ಬು, ಮೇಲಿರುವ ಅಡ್ರಿನಲ್ ಗ್ರಂಥಿ ಮತ್ತು ಸಮೀಪದ ದುಗ್ಧಗ್ರಂಥಿಗಳನ್ನು (ಲಿಂಫ್ ಗ್ರಂಥಿಗಳನ್ನು) ಒಟ್ಟಾಗಿ ತೆಗೆಯುವುದೇ ಬಹುಕಾಲ ರೂಢಿಯಾಗಿತ್ತು. 1990ರಲ್ಲಿ ಶಸ್ತ್ರವೈದ್ಯ ಕ್ಲೇಮನ್ ಮತ್ತು ಸಂಗಡಿಗರು ಲ್ಯಾಪರೋಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣ ಇಳಿಸಿ, ಮೂತ್ರಪಿಂಡ ತೆಗೆದು ತೋರಿಸಿದಾಗ ಗಾಯ ಚಿಕ್ಕದಾಯಿತೇ ಹೊರತು ಕಳೆದುಕೊಳ್ಳುವ ಅಂಗ ಕಡಿಮೆಯಾಗಲಿಲ್ಲ. ಒಂದೇ ಮೂತ್ರಪಿಂಡದಲ್ಲಿ ಬದುಕುವವರಿಗೆ ಮುಂದೆ ಅದರ ಕಾರ್ಯಶಕ್ತಿ ಕುಗ್ಗುವ ಅಪಾಯ ಹೆಚ್ಚು ಎಂಬುದು ಮನವರಿಕೆಯಾದ ಮೇಲೆಯೇ, ನಾಲ್ಕು ಸೆಂಟಿಮೀಟರ್‌ವರೆಗಿನ ಗಡ್ಡೆಗಳಿಗೆ ಸಾಧ್ಯವಾದಲ್ಲೆಲ್ಲ ಅಂಗವನ್ನು ಉಳಿಸಬೇಕೆಂಬ ನಿಲುವು ಗಟ್ಟಿಯಾಯಿತು.

ರೋಬೋಟ್ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಶಸ್ತ್ರವೈದ್ಯರು ಕನ್ಸೋಲ್ ಮುಂದೆ ಕುಳಿತು ಅದರ ತೋಳುಗಳನ್ನು ನಡೆಸುತ್ತಾರೆ. ಗಡ್ಡೆಯನ್ನು ಬಿಡಿಸುವಾಗ ಮೂತ್ರಪಿಂಡದ ಅಪಧಮನಿಗೆ ಸಾಮಾನ್ಯವಾಗಿ ಕ್ಲ್ಯಾಂಪ್ (ರಕ್ತದ ಹರಿವು ತಡೆಯುವ ಚಿಮುಟ) ಹಾಕಬೇಕಾಗುತ್ತದೆ, ರಕ್ತವಿಲ್ಲದೆ ಆ ಅಂಗ ಹೆಚ್ಚು ಹೊತ್ತು ತಾಳದು. ಸುಮಾರು 25 ನಿಮಿಷದೊಳಗೆ ಗಡ್ಡೆಯನ್ನು ಬಿಡಿಸಿ, ಒಳಗಿನ ರಕ್ತನಾಳಗಳನ್ನು ಹೊಲಿದು, ಕ್ಲ್ಯಾಂಪ್ ಸಡಿಲಿಸುವ ಗುರಿ ಇರುತ್ತದೆ. ಮಣಿಕಟ್ಟಿನಂತೆ ತಿರುಗುವ ಉಪಕರಣ ಈ ಹೊಲಿಗೆಯಲ್ಲೇ ತನ್ನ ಬೆಲೆಯನ್ನು ತೋರಿಸುತ್ತದೆ. ನನ್ನ ವರದಿಯಲ್ಲಿ ಆ ಅವಧಿ 18 ನಿಮಿಷ ಎಂದಿದೆ. ಮೂರನೆಯ ದಿನ ಮನೆಗೆ ಬಂದೆ. ಹೊಟ್ಟೆಗೆ ತುಂಬಿದ ಅನಿಲದಿಂದ ಭುಜ ನೋಯಬಹುದೆಂದು ಮೊದಲೇ ಯಾರಾದರೂ ಹೇಳಿದ್ದರೆ ಆ ರಾತ್ರಿ ನಾನು ಹೃದಯಾಘಾತವೆಂದು ಹೆದರುತ್ತಿರಲಿಲ್ಲ.

ನನ್ನ ಆಕ್ಷೇಪ ಇರುವುದು ಮಾಹಿತಿ ಪತ್ರದ ಬಗ್ಗೆ. ಅದರ ತುಂಬ ರೋಬೋಟ್‌ನ ಚಿತ್ರಗಳೇ. ಶಸ್ತ್ರಕ್ರಿಯೆಗೆ ಒಳಗಾದ ಸಣ್ಣ ಗಡ್ಡೆಗಳಲ್ಲಿ ಸರಿಸುಮಾರು ಐದರಲ್ಲೊಂದು ಕ್ಯಾನ್ಸರ್ ಅಲ್ಲವೆಂದು ಪರೀಕ್ಷೆಯಲ್ಲಿ ತಿಳಿಯುತ್ತದೆ ಎಂಬುದಾಗಲಿ, ಮೊದಲೇ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಮಾಡಿಸಬಹುದೆಂಬುದಾಗಲಿ, ವಯಸ್ಸಾದವರಿಗೆ ಅಥವಾ ಬೇರೆ ಕಾಯಿಲೆ ಇರುವವರಿಗೆ ನಿಯಮಿತ ಸ್ಕ್ಯಾನ್‌ನೊಂದಿಗೆ ಕಾದು ನೋಡುವ ಇಲ್ಲವೇ ಗಡ್ಡೆಯನ್ನು ಸೂಜಿಯ ಮೂಲಕ ಹೆಪ್ಪುಗಟ್ಟಿಸಿ ನಾಶಮಾಡುವ ದಾರಿಗಳಿವೆ ಎಂಬುದಾಗಲಿ ಅದರಲ್ಲಿ ಇರಲಿಲ್ಲ. ನಾನೇ ಕೇಳಿದಾಗ ವೈದ್ಯರು ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದರು, ನನ್ನ ವಯಸ್ಸಿಗೆ ಶಸ್ತ್ರಕ್ರಿಯೆಯೇ ಸೂಕ್ತವೆಂದೂ ಕಾರಣ ಸಮೇತ ಹೇಳಿದರು. ಆದರೆ ಕೇಳಲು ತೋಚದ ರೋಗಿಗೆ ಆ ವಿವರ ಸಿಗುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಗಡ್ಡೆಯ ಅಂಚು ಸ್ವಚ್ಛವಾಗಿದೆ, ಅಂದರೆ ಕತ್ತರಿಸಿದ ಅಂಚಿನಲ್ಲಿ ಗಡ್ಡೆಯ ಕೋಶಗಳು ಕಂಡಿಲ್ಲ ಎಂಬ ವರದಿ ಹತ್ತು ದಿನಕ್ಕೆ ಬಂತು. ಮೂತ್ರಪಿಂಡದ ಕೆಲಸವನ್ನು ಸೂಚಿಸುವ ರಕ್ತಪರೀಕ್ಷೆಯ ಅಂಶವಾದ ಕ್ರಿಯಾಟಿನಿನ್ ಈಗ 1.1 ಇದೆ, ಮುಂದಿನ ಸ್ಕ್ಯಾನ್‌ನ ದಿನಾಂಕವನ್ನು ಮಾತ್ರ ಡಿಸ್ಚಾರ್ಜ್ ಪತ್ರದಲ್ಲಿ ನಾನೇ ಕೇಳಿ ಬರೆಸಿಕೊಳ್ಳಬೇಕಾಯಿತು.