ಬ್ಯಾಟರಿ ಬದಲಿಸಲು ಬಂದವರು ಮೊದಲು ಮೆಯಿನ್ ಸ್ವಿಚ್‌ಗೆ ಕೈ ಹಾಕಿದರೆ ಅಲ್ಲೇ ತಡೆಯಿರಿ

ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಇರುವುದು ಒಂದೇ ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್; ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು, ಅದನ್ನು ನಡೆಸುವುದು ಫ್ಯಾನುಕ್ ಕಂಪನಿಯ ಕಂಟ್ರೋಲರ್. ಅದು ನಿಂತರೆ ನಮ್ಮ ಅನ್ನ ನಿಂತಂತೆ. ಕಳೆದ ತಿಂಗಳು ಐದು ದಿನ ನಿಂತಿತು. ಕೆಟ್ಟು ನಿಂತದ್ದಲ್ಲ, ಸರಿಮಾಡಲು ಬಂದವರು ನಿಲ್ಲಿಸಿದ್ದು.

ಪರದೆಯ ಕೆಳಗೆ ‘ಎಪಿಸಿ’ ಎಂಬ ಅಕ್ಷರಗಳು, ಅಂದರೆ ಮಷಿನ್‌ನ ಬ್ಯಾಟರಿ ಇಳಿಯುತ್ತಿದೆ ಎಂಬ ಎಚ್ಚರಿಕೆ, ಮಿನುಗತೊಡಗಿ ಮೂರು ವಾರವಾಗಿತ್ತು. ಆಪರೇಟರ್ ಹುಡುಗ ಎರಡು ಸಲ ಹೇಳಿದ್ದ. ಜಾಬ್ ಸರಿಯಾಗಿಯೇ ಬರುತ್ತಿದೆಯಲ್ಲ, ಈ ಲಾಟ್ ಮುಗಿಯಲಿ ಎಂದು ನಾನೇ ಮುಂದೆ ತಳ್ಳಿದೆ. ಆ ತಪ್ಪು ನನ್ನದು. ಕೊನೆಗೆ ಪರಿಚಯದವರೊಬ್ಬರು ಕೊಟ್ಟ ನಂಬರಿಗೆ ಕರೆ ಮಾಡಿ ಸರ್ವಿಸ್‌ನವರನ್ನು ಕರೆಸಿದೆ.

ಬಂದವರು ಮೊದಲು ಮಾಡಿದ ಕೆಲಸವೇ ಮೆಯಿನ್ ಸ್ವಿಚ್ ಇಳಿಸಿದ್ದು. “ಆಫ್ ಮಾಡಲೇಬೇಕೇ?” ಎಂದು ಕೇಳಿದೆ. ಕೇಳಿದ್ದೇನೋ ನಿಜ, ತಡೆಯಲಿಲ್ಲ. “ಕರೆಂಟ್ ಇರುವಾಗ ಪ್ಯಾನೆಲ್‌ಗೆ ಕೈ ಹಾಕುತ್ತಾರೆಯೇ ಸರ್?” ಎಂದರು. ಬ್ಯಾಟರಿ ಕೇಸಿನ ಹಳೆಯ ಸೆಲ್‌ಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ಕಂಪನಿ ಬ್ಯಾಟರಿ ತರುತ್ತೇನೆಂದು ಹೋದವರು ಬಂದದ್ದು ಎರಡು ಗಂಟೆಯ ಮೇಲೆ. ಹೊಸದನ್ನು ಹಾಕಿ ಸ್ವಿಚ್ ಏರಿಸಿದರೆ ಎಕ್ಸ್, ವೈ, ಝಡ್ ಮೂರೂ ಆಕ್ಸಿಸ್‌ಗೆ (ಮಷಿನ್ ಚಲಿಸುವ ದಿಕ್ಕುಗಳಿಗೆ) 300ನೇ ಅಲಾರಂ. ಮಷಿನ್ ಅಲುಗಲಿಲ್ಲ.

ಅವರ ಮುಖದಲ್ಲಿ ಒಂದಿಷ್ಟೂ ಗಾಬರಿ ಇರಲಿಲ್ಲ. “ಎನ್‌ಕೋಡರ್ ಹೋಗಿದೆ ಸರ್. ಹಳೆಯ ಮಷಿನ್, ಹೀಗೆಯೇ ಆಗುವುದು.” ಎನ್‌ಕೋಡರ್ ಎಂದರೆ ಆಕ್ಸಿಸ್ ಎಲ್ಲಿದೆ ಎಂದು ಅಳೆಯುವ ಭಾಗ. ಒಂದಕ್ಕೆ 32,000, ಮೂರಕ್ಕೆ 96,000 ರೂಪಾಯಿ. ಬ್ಯಾಟರಿಗೆ ಬೇರೆ 6,500. ಡೆಲಿವರಿ ತಲೆಯ ಮೇಲಿತ್ತು, ಗಿರಾಕಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. 25,000 ಮುಂಗಡ ಕಳಿಸಿಬಿಟ್ಟೆ. ಯಾರನ್ನೂ ಕೇಳದೆ ಕಳಿಸಿಬಿಟ್ಟೆ.

ನಾಲ್ಕು ದಿನ ನಾಳೆ, ನಾಡಿದ್ದು ಎಂದೇ ಕಳೆಯಿತು. ಐದನೆಯ ದಿನ ಪಕ್ಕದ ಶೆಡ್ಡಿನ ಹಿರಿಯರು ಬಂದರು. ಎಚ್‌ಎಂಟಿಯಲ್ಲಿ ಮೆಂಟೆನೆನ್ಸ್ ನೋಡಿಕೊಂಡು ನಿವೃತ್ತರಾದವರು. ಎಲ್ಲ ಕೇಳಿ ಒಂದೇ ಮಾತು ಕೇಳಿದರು: “ಮೂರು ಎನ್‌ಕೋಡರ್ ಒಂದೇ ಗಳಿಗೆಯಲ್ಲಿ ಹೇಗಪ್ಪಾ ಹೋಗುತ್ತವೆ?”

ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಮಷಿನ್ ಮುಂದೆ ನಿಂತವನಿಗೆ ಆ ಪ್ರಶ್ನೆ ಹೊಳೆಯಲಿಲ್ಲವಲ್ಲ!

ಪ್ಯಾನೆಲ್ ಹಿಂದೆ ಧೂಳು ತಿನ್ನುತ್ತಿದ್ದ ಮ್ಯಾನುಯಲ್ ತೆಗೆಸಿ ತೋರಿಸಿದರು. 307 ಎಂದರೆ ಬ್ಯಾಟರಿ ಇಳಿದಿದೆ, ಬದಲಿಸಿ. 300 ಎಂದರೆ ಆಕ್ಸಿಸ್ ತನ್ನ ಜೀರೋ, ಅಂದರೆ ಅಳತೆ ಶುರುವಾಗುವ ಜಾಗ, ಮರೆತಿದೆ, ಮತ್ತೆ ಕೂರಿಸಿ. ಮಷಿನ್ ಆಫ್ ಇದ್ದಾಗ ಆ ನೆನಪನ್ನು ಕಾಯುವುದೇ ಈ ಬ್ಯಾಟರಿ. ಅದಕ್ಕೇ ಇದನ್ನು ಕಂಟ್ರೋಲರ್ ಆನ್ ಇರುವಾಗಲೇ, ಎಮರ್ಜೆನ್ಸಿ ಸ್ಟಾಪ್ ಒತ್ತಿ, ಬದಲಿಸಬೇಕು. ಸರ್ವಿಸ್‌ನವರು ಕರೆಂಟನ್ನೂ ತೆಗೆದರು, ಬ್ಯಾಟರಿಯನ್ನೂ ತೆಗೆದರು.

ಹಿರಿಯರು ಮೂರೂ ಆಕ್ಸಿಸ್‌ಗಳನ್ನು ಹ್ಯಾಂಡಲ್‌ನಿಂದ ನಿಧಾನವಾಗಿ ಗುರುತಿಗೆ ತಂದು, ಪ್ಯಾರಾಮೀಟರ್ (ಕಂಟ್ರೋಲರ್‌ನ ಸೆಟ್ಟಿಂಗ್) 1815ರಲ್ಲಿ 4ನೇ ಬಿಟ್ಟನ್ನು 1 ಮಾಡಿ, ಅಂದರೆ ಇದೇ ಜೀರೋ ಎಂದು ತಿಳಿಸಿ, ಆಫ್ ಮಾಡಿ ಆನ್ ಮಾಡಿದರು. ಅಲಾರಂ ಹೋಯಿತು. ಟೂಲ್ ಬದಲಾಗುವ ಜಾಗದಲ್ಲಿ ಝಡ್ ಎತ್ತರ ಸರಿಯಿದೆಯೇ ಎಂದು ಡಯಲ್ ಇಟ್ಟು ನೋಡಿ, ಮೊದಲ ಪೀಸನ್ನು ಕಡಿಮೆ ಫೀಡ್‌ನಲ್ಲಿ (ನಿಧಾನ ವೇಗದಲ್ಲಿ) ಓಡಿಸಿದೆವು. ಒಟ್ಟು ಮುಕ್ಕಾಲು ಗಂಟೆ. ಒಂದು ಚಹಾ ಬಿಟ್ಟರೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಬ್ಯಾಟರಿ ಕೇಸಿನ ಮುಚ್ಚಳ ಬಿಚ್ಚಿದಾಗ ಇನ್ನೂ ಹೊಟ್ಟೆ ಉರಿಯಿತು. ಒಳಗಿದ್ದದ್ದು ನಾಲ್ಕು ದಪ್ಪ ಟಾರ್ಚ್ ಸೆಲ್! ಅವು ಆಲ್ಕಲೈನ್ ಸಹ ಅಲ್ಲ. ಮ್ಯಾನುಯಲ್‌ನಲ್ಲಿ ಆಲ್ಕಲೈನ್ ಎಂದೇ ಇದೆ. ನಾಲ್ಕು ಟಾರ್ಚ್ ಸೆಲ್ಲಿಗೆ 6,500 ರೂಪಾಯಿ ಕೊಟ್ಟಿದ್ದೇನೆ.

ಸರ್ವಿಸ್‌ನವರಿಗೆ ಫೋನ್ ಮಾಡಿ ಕೇಳಿದೆ. “ನಾವು ಹೀಗೆಯೇ ಹಾಕುವುದು, ಬೇರೆ ಯಾರೂ ದೂರು ಹೇಳಿಲ್ಲ” ಎಂದರು. ಆಫ್ ಮಾಡಿದ್ದೇಕೆ ಎಂದರೆ, “ನೀವು ಪಕ್ಕದಲ್ಲೇ ಇದ್ದಿರಲ್ಲ, ಆಗಲೇ ಹೇಳಬೇಕಿತ್ತು.” ನಾನು ಹೇಳಬೇಕಿತ್ತಂತೆ! ಹಣ ತೆಗೆದುಕೊಂಡವರು ಅವರು.

ದಯವಿಟ್ಟು ಎಪಿಸಿ ಎಂದು ಮಿನುಗಿದರೆ ಅದೇ ವಾರ ಬದಲಿಸಿ. ಅಲಾರಂ ನಂಬರನ್ನು ಮ್ಯಾನುಯಲ್‌ನಲ್ಲಿ ನೀವೇ ತೆಗೆದು ಓದಿ, ಪ್ಯಾರಾಮೀಟರ್ ಬ್ಯಾಕಪ್ ಮೊದಲೇ ಇಟ್ಟುಕೊಳ್ಳಿ. ಹಳೆಯ ಮಷಿನ್ ಎಂದು ಮಾತು ಶುರುಮಾಡುವವರಿಗೆ ಒಂದು ರೂಪಾಯಿ ಮುಂಗಡ ಕೊಡಬೇಡಿ.

ನನ್ನ 25,000 ಇನ್ನೂ ಬಂದಿಲ್ಲ. ನಿನ್ನೆ ಮತ್ತೆ ಕೇಳಿದ್ದಕ್ಕೆ ಬಂದ ಉತ್ತರ: “ಮಷಿನ್ ಓಡುತ್ತಿದೆಯಲ್ಲ ಸರ್, ಇನ್ನೇನು?”