ಅಮ್ಮನ ಬಿಪಿ, ಸಕ್ಕರೆ ಕಾಯಿಲೆಗೆ ದೂರದ ವೈದ್ಯರು: ಮನೆಯ ಮೊಬೈಲೋ, ಆರೋಗ್ಯ ಉಪಕೇಂದ್ರವೋ?

ಹೊಸನಗರ ತಾಲ್ಲೂಕಿನ ನಮ್ಮ ಊರಿನಿಂದ ಶಿವಮೊಗ್ಗದ ವೈದ್ಯರನ್ನು ಕಂಡು ಬರಲು ಪೂರ್ತಿ ಒಂದು ದಿನ ಬೇಕು. ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. ಅಮ್ಮನಿಗೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಹಾಗಾಗಿ ದೂರದಿಂದಲೇ ವೈದ್ಯರನ್ನು ಕಾಣುವ ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ.

ಮೊದಲನೆಯದು ಕೇಂದ್ರ ಸರ್ಕಾರದ ಇ-ಸಂಜೀವಿನಿ, ಮನೆಯಿಂದಲೇ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಶುರುವಾದ ಈ ಸೇವೆ ಉಚಿತ. ಮೊಬೈಲ್ ಸಂಖ್ಯೆ ಕೊಟ್ಟು, ಒಟಿಪಿ ಹಾಕಿ, ಟೋಕನ್ ಪಡೆದು ಕಾದರೆ ವೈದ್ಯರು ವಿಡಿಯೊದಲ್ಲಿ ಬರುತ್ತಾರೆ. ಔಷಧ ಚೀಟಿ ಫೋನಿಗೇ ಸಿಗುತ್ತದೆ. ಜ್ವರ, ಕೆಮ್ಮು, ಅಲರ್ಜಿಗೆ ಇದು ಸಾಕು. ಆದರೆ ಅಮ್ಮನ ಕಾಲು ಊದಿಕೊಂಡಾಗ ಸಾಲಲಿಲ್ಲ. ವೈದ್ಯರು ಕಾಲು ತೋರಿಸಿ ಎಂದರು. ನಾನು ಫೋನನ್ನು ಬಗ್ಗಿಸಿ ಹಿಡಿದೆ. ಮಬ್ಬು ಬೆಳಕಿನಲ್ಲಿ ಅವರಿಗೂ ಏನೂ ತಿಳಿಯಲಿಲ್ಲ, ನನಗೂ ಏನು ಹೇಳಬೇಕೆಂದು ಗೊತ್ತಾಗಲಿಲ್ಲ.

ಎರಡನೆಯದು ಅದೇ ಇ-ಸಂಜೀವಿನಿ, ಆದರೆ ಆರೋಗ್ಯ ಉಪಕೇಂದ್ರದಿಂದ. ಅದೇ ಕಾಲನ್ನು ಉಪಕೇಂದ್ರದಲ್ಲಿ ತೋರಿಸಿದಾಗ ಆದದ್ದೇ ಬೇರೆ. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಫಲಕ ಹೊತ್ತಿರುವ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಎಲ್ಲರೂ ಅವರನ್ನು ಸಿಎಚ್‌ಒ ಮೇಡಂ ಎನ್ನುತ್ತಾರೆ. ಅವರು ಬಿಪಿ ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಆಮೇಲೆ ಕಣಕಾಲಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ತೆಗೆದರು; ಕುಳಿ ಹಾಗೇ ನಿಂತಿತು. ‘ಎರಡೂ ಕಾಲಿನಲ್ಲಿ ಕುಳಿ ಬೀಳುತ್ತಿದೆ ಸರ್, ಉಸಿರಾಟಕ್ಕೆ ತೊಂದರೆಯಿಲ್ಲ’ ಎಂದು ಪರದೆಯಲ್ಲಿದ್ದ ವೈದ್ಯರಿಗೆ ಹೇಳಿದರು. ಅಮ್ಮ ಬಿಪಿಗೆ ತೆಗೆದುಕೊಳ್ಳುತ್ತಿದ್ದ ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಪಾದ ಊದುವುದುಂಟು. ವೈದ್ಯರು ಮಾತ್ರೆ ಬದಲಿಸಿ, ಮೂತ್ರಪಿಂಡದ ಪರೀಕ್ಷೆಗೆ ಬರೆದರು. ಇ-ಸಂಜೀವಿನಿಯ ಈ ರೂಪ 2019ರಲ್ಲೇ ಬಂದಿತ್ತು. ನನಗೆ ಮೊದಲೇ ಗೊತ್ತಿರಬೇಕಿತ್ತು ಅನ್ನಿಸುವಷ್ಟು ಉಪಯುಕ್ತ ಸೇವೆ ಇದು.

ಮೂರನೆಯದು ಖಾಸಗಿ ಆ್ಯಪ್. ದುಡ್ಡು ಕೊಟ್ಟರೆ ತಜ್ಞರು ಬೇಗ ಸಿಗುತ್ತಾರೆ, ರಾತ್ರಿಯೂ ಸಿಗುತ್ತಾರೆ. ಚರ್ಮದ ತೊಂದರೆಗೆ ನನಗೇ ಅನುಕೂಲವಾಗಿತ್ತು. ಅಮ್ಮನ ಪಾಲಿಗೆ ಸಿಕ್ಕವರಿಗೆ ಕನ್ನಡ ಬರುತ್ತಿರಲಿಲ್ಲ. ತನ್ನ ಮೈಯ ಸಂಕಟವನ್ನು ಮಗ ಇನ್ನೊಂದು ಭಾಷೆಯಲ್ಲಿ ಹೇಳುವುದನ್ನು ಆಕೆ ಸುಮ್ಮನೆ ನೋಡುತ್ತಾ ಕೂತಳು. ಅದು ನನಗೆ ಸರಿಬರಲಿಲ್ಲ. ಆ್ಯಪ್ ಬಳಸುವವರು ಔಷಧ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. ದೂರದಿಂದ ಚಿಕಿತ್ಸೆ ನೀಡುವ ವೈದ್ಯರಿಗಾಗಿ ಬಂದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅದು ಇರಲೇಬೇಕು.

ನನ್ನ ಆಯ್ಕೆ ಉಪಕೇಂದ್ರ. ವಯಸ್ಸಾದವರಿಗೆ ಪರದೆಯ ಆಚೆಗಿನ ವೈದ್ಯರಷ್ಟೇ, ಈಚೆಗೆ ಮುಟ್ಟಿ ನೋಡುವ ಒಂದು ಕೈಯೂ ಬೇಕು. ಸಿಎಚ್‌ಒ ಹುದ್ದೆ ಖಾಲಿಯಿರುವ ಊರಿಗೆ ಎಷ್ಟು ವೇಗದ ಇಂಟರ್‌ನೆಟ್ ಕೊಟ್ಟರೂ ಈ ಅನುಕೂಲ ತಲುಪುವುದಿಲ್ಲ. ಸರ್ಕಾರ ಮೊದಲು ಆ ಹುದ್ದೆಗಳನ್ನು ತುಂಬಲಿ.

ಎದೆನೋವು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಈ ಮೂರರಲ್ಲಿ ಯಾವುದೂ ಬೇಡ, ನೇರವಾಗಿ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಕಣ್ಣಿನ ಅಕ್ಷಿಪಟಲದ ಪರೀಕ್ಷೆಗೆ ಅಮ್ಮನನ್ನು ನಾನು ಈಗಲೂ ಬಸ್ಸಿನಲ್ಲಿ ಶಿವಮೊಗ್ಗಕ್ಕೇ ಕರೆದುಕೊಂಡು ಹೋಗುತ್ತೇನೆ.